ಐಎಸ್‌ಐಎನ್ ಲೆಕ್ಕ: ಕೊನೆಯ ಅಂಕಿ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ

ಕಂಪನಿಯ ಹೆಸರು ಬದಲಾಗಬಹುದು, ಷೇರುಪೇಟೆಯಲ್ಲಿ ಅದರ ಷೇರನ್ನು ಗುರುತಿಸುವ ಕಿರು ಹೆಸರಾದ ಟಿಕ್ಕರ್ ಕೂಡ ಬದಲಾಗಬಹುದು. 2022ರ ಜೂನ್‌ನಲ್ಲಿ ಮೆಟಾ (ಹಿಂದಿನ ಫೇಸ್‌ಬುಕ್) ಷೇರಿನ ಟಿಕ್ಕರ್ ‘ಎಫ್‌ಬಿ’ ಹೋಗಿ ‘ಮೆಟಾ’ ಆಯಿತು. ಷೇರು, ಬಾಂಡ್‌ಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಕೇತವಾದ ಐಎಸ್‌ಐಎನ್ ಮಾತ್ರ ಯುಎಸ್30303ಎಂ1027 ಎಂದೇ ಉಳಿಯಿತು. ಸೆಟಲ್‌ಮೆಂಟ್ ಕೆಲಸದಲ್ಲಿ, ಅಂದರೆ ವಹಿವಾಟಿನ ನಂತರ ಷೇರು ಮತ್ತು ಹಣ ಕೈಬದಲಾಯಿಸುವಾಗ, ಟಿಕ್ಕರ್ ನಂಬದೆ ಈ ಸಂಕೇತವನ್ನೇ ಹಿಡಿಯುವುದು ಅದಕ್ಕೇ.

ಐಎಸ್‌ಒ 6166 ಮಾನದಂಡದಂತೆ ಇದರಲ್ಲಿ 12 ಸ್ಥಾನಗಳಿವೆ. ಮೊದಲ ಎರಡು ದೇಶದ ಅಕ್ಷರಗಳು, ನಡುವಿನ ಒಂಬತ್ತು ಆ ದೇಶದ ಸಂಖ್ಯಾ ಸಂಸ್ಥೆ ಕೊಡುವ ಭಾಗ, ಕೊನೆಯದು ಬರೆಯುವಾಗಿನ ತಪ್ಪು ಹಿಡಿಯಲು ಉಳಿದವುಗಳಿಂದ ಲೆಕ್ಕಹಾಕಿ ಇಡುವ ಪರಿಶೀಲನಾ ಅಂಕಿ. ಯೂರೋಕ್ಲಿಯರ್, ಕ್ಲಿಯರ್‌ಸ್ಟ್ರೀಮ್ ಎಂಬ ಸೆಟಲ್‌ಮೆಂಟ್ ಸಂಸ್ಥೆಗಳ ಮೂಲಕ ಇತ್ಯರ್ಥವಾಗುವ ಅಂತರರಾಷ್ಟ್ರೀಯ ಬಾಂಡ್‌ಗಳಿಗೆ ದೇಶದ ಜಾಗದಲ್ಲಿ ‘ಎಕ್ಸ್‌ಎಸ್’ ಬರುತ್ತದೆ. ಅಮೆರಿಕದಲ್ಲಿ ನಡುವಿನ ಒಂಬತ್ತು ಸ್ಥಾನ ಎಂದರೆ ಅಲ್ಲಿನ ಷೇರು, ಬಾಂಡ್‌ಗಳ ಸಂಕೇತವಾದ ಕ್ಯುಸಿಪ್: ಆರು ಕಂಪನಿಗೆ, ಎರಡು ಆ ಕಂಪನಿ ಹೊರಡಿಸಿದ ನಿರ್ದಿಷ್ಟ ಪತ್ರಕ್ಕೆ (ಷೇರು ಅಥವಾ ಬಾಂಡ್), ಒಂದು ಕ್ಯುಸಿಪ್‌ನದೇ ಪರಿಶೀಲನಾ ಅಂಕಿ. ಗೂಗಲ್‌ನ ಮಾತೃ ಕಂಪನಿ ಆಲ್ಫಾಬೆಟ್‌ನ ಎ ವರ್ಗದ ಷೇರು 02079ಕೆ305, ಸಿ ವರ್ಗದ್ದು 02079ಕೆ107. ಮೊದಲ ಆರು ಒಂದೇ, ಮುಂದಿನ ಎರಡು ಬೇರೆ. ಬ್ರಿಟನ್ನಿನಲ್ಲಿ ಇದೇ ಕೆಲಸ ಮಾಡುವ ಸೆಡಾಲ್ ಸಂಕೇತಕ್ಕೆ ಏಳೇ ಸ್ಥಾನ. ಹಾಗಾಗಿ ಐಎಸ್‌ಐಎನ್‌ನಲ್ಲಿ ಅದರ ಮುಂದೆ ಎರಡು ಸೊನ್ನೆ ಸೇರಿಸುತ್ತಾರೆ.

ಈಗ ಲೆಕ್ಕ. ಆಪಲ್‌ನ ಯುಎಸ್0378331005 ತೆಗೆದುಕೊಳ್ಳಿ. ಕೊನೆಯ 5 ಅನ್ನು ಸದ್ಯಕ್ಕೆ ಬದಿಗಿಡಿ. ಪ್ರತಿ ಅಕ್ಷರಕ್ಕೂ ಎರಡಂಕಿಯ ಬೆಲೆ ಉಂಟು: ಎ 10, ಬಿ 11, ಹೀಗೆ ಝಡ್ 35. ಯು 30, ಎಸ್ 28. ಬಿಡಿಸಿ ಬರೆದರೆ 3 0 2 8 0 3 7 8 3 3 1 0 0. ಬಲತುದಿಯಿಂದ ಶುರುಮಾಡಿ ಒಂದು ಬಿಟ್ಟು ಒಂದನ್ನು ಎರಡರಿಂದ ಗುಣಿಸಿ. ತುದಿಯ ಅಂಕಿಯೂ ಗುಣಿಸುವ ಪಾಲಿನದೇ. ಗುಣಲಬ್ಧ ಎರಡಂಕಿಯಾದರೆ ಆ ಅಂಕಿಗಳನ್ನು ಕೂಡಿ: 7ರ ಎರಡರಷ್ಟು 14, ಅದು 5. ಎಲ್ಲ ಕೂಡಿದಾಗ 45. ಮುಂದಿನ ಹತ್ತರ ಗುಣಕ 50ಕ್ಕೆ ಬೇಕಾದದ್ದು 5. ತಾಳೆಯಾಯಿತು. ಮೊತ್ತವೇ ಹತ್ತರ ಗುಣಕವಾದರೆ ಪರಿಶೀಲನಾ ಅಂಕಿ 0.

ಬಹಳ ಮಂದಿ ಎಡವುವುದು ಎಡದಿಂದ ಗುಣಿಸಲು ಹೊರಟಾಗ. ಆಪಲ್‌ನಲ್ಲಿ ಬಿಡಿಸಿದ ಅಂಕಿಗಳು 13, ಹಾಗಾಗಿ ಎಡದ ಮೊದಲ ಅಂಕಿಯಿಂದ ಶುರುಮಾಡಿದರೂ ಉತ್ತರ ಸರಿಬರುತ್ತದೆ, ವಿಧಾನವೇ ಸರಿ ಎನಿಸಿಬಿಡುತ್ತದೆ. ಮೆಟಾದಲ್ಲಿ ‘ಎಂ’ 22 ಆಗಿ ಒಟ್ಟು 14 ಅಂಕಿಗಳಾಗುತ್ತವೆ. ಅಲ್ಲಿ ಗುಣಿಸುವ ಸರದಿಯೇ ಅದಲುಬದಲು. ಬಲದಿಂದ ಮಾಡಿದರೆ ಮೊತ್ತ 33, ಪರಿಶೀಲನಾ ಅಂಕಿ 7. ಪ್ರೋಗ್ರಾಂ ಬರೆದವರು ಈ ಎರಡೂ ಸಂಕೇತಗಳಿಂದ ಪರೀಕ್ಷಿಸಲಿ, ಒಂದರಿಂದ ಸಾಲದು.

ಲೆಕ್ಕ ತಾಳೆಯಾದ ಮಾತ್ರಕ್ಕೆ ಸಂಕೇತ ಸರಿ ಎನ್ನಲಾಗದು. ಒಂದೇ ಅಂಕಿ ತಪ್ಪಿದ್ದರೆ ಖಂಡಿತ ಸಿಕ್ಕಿಬೀಳುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಸಿಗುತ್ತದೆ, 09 ಮತ್ತು 90 ಹೊರತು: 9ರ ಎರಡರಷ್ಟು 18, ಕೂಡಿದರೆ ಮತ್ತೆ 9. ದೊಡ್ಡ ಕೊರತೆ ಇರುವುದು ಅಕ್ಷರಗಳಲ್ಲಿ. ಪ್ರತಿ ಅಕ್ಷರ ಎರಡು ಅಂಕಿಯಾಗುವುದರಿಂದ, ಪಕ್ಕದ ಎರಡು ಅಕ್ಷರಗಳು ಜಾಗ ಬದಲಿಸಿದರೂ ಯಾವ ಅಂಕಿಯ ಸರದಿಯೂ ಬದಲಾಗದು, ಮೊತ್ತವೂ ಅಷ್ಟೇ ಇರುತ್ತದೆ. ಆಸ್ಟ್ರೇಲಿಯಾದ ‘ಎಯು’ ತಪ್ಪಿ ‘ಯುಎ’ ಆದರೆ ಅದು ಉಕ್ರೇನ್. ದೇಶಗಳ ಪಟ್ಟಿಗೆ ಹೋಲಿಸಿದರೂ ಪಾಸಾಗುತ್ತದೆ. ಆದ್ದರಿಂದ ಸಂಕೇತವನ್ನು ಮೂಲ ದತ್ತಾಂಶದಲ್ಲಿ ಹುಡುಕಿ, ಪತ್ರದ ಹೆಸರಿನೊಂದಿಗೆ ಹೋಲಿಸಲೇಬೇಕು.

ಎಕ್ಸೆಲ್ ಹಾಳೆಯಲ್ಲಿ ಇನ್ನೊಂದು ಅಪಾಯ. ಆಪಲ್‌ನ ಕ್ಯುಸಿಪ್ 037833100 ಅಂಟಿಸಿದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಅಂಕಿಗಳ ನಡುವೆ ‘ಇ’ ಅಕ್ಷರ ಒಂದೇ ಇದ್ದರೆ ಅದನ್ನು ಹತ್ತರ ಘಾತ ಎಂದು ಓದಿ ಸಂಕೇತವನ್ನೇ ಕೆಡಿಸುತ್ತದೆ. ಡೇಟಾ ತರುವ ಮೊದಲೇ ಆ ಕಾಲಂ ಅನ್ನು ಪಠ್ಯ ಎಂದು ಗುರುತಿಸಿ. ಆಮೇಲೆ ಗುರುತಿಸಿದರೆ ಹೋದ ಸೊನ್ನೆ ಮರಳದು.

ಐಎಸ್‌ಐಎನ್ ಪತ್ರ ಯಾವುದೆಂದು ಹೇಳುತ್ತದೆ, ಎಲ್ಲಿ ಮಾರಾಟವಾಯಿತೆಂದು ಹೇಳುವುದಿಲ್ಲ. ಒಂದೇ ಷೇರು ಎರಡು ಮಾರುಕಟ್ಟೆಗಳಲ್ಲಿ, ಎರಡು ಕರೆನ್ಸಿಗಳಲ್ಲಿ ವಹಿವಾಟಾದರೂ ಸಂಕೇತ ಒಂದೇ. ಬೆಲೆಗಳನ್ನು ಬರೀ ಐಎಸ್‌ಐಎನ್ ಮೇಲೆ ಜೋಡಿಸಿದರೆ ಡಾಲರ್ ಬೆಲೆ ಯೂರೋ ಸಾಲಿಗೆ ಬಂದು ಕೂರುತ್ತದೆ. ಜೊತೆಗೆ ಮಾರುಕಟ್ಟೆಯ ನಾಲ್ಕಕ್ಷರದ ಎಂಐಸಿ ಸಂಕೇತ, ಕರೆನ್ಸಿ ಎರಡನ್ನೂ ಇಟ್ಟುಕೊಳ್ಳಿ. ಅಮೆರಿಕದ ಕಂಪನಿ ರಿವರ್ಸ್ ಸ್ಪ್ಲಿಟ್ ಮಾಡಿದರೆ, ಅಂದರೆ ಹಲವು ಷೇರುಗಳನ್ನು ಸೇರಿಸಿ ಒಂದಾಗಿಸಿದರೆ, ಸಾಮಾನ್ಯವಾಗಿ ಹೊಸ ಕ್ಯುಸಿಪ್, ಅದರೊಂದಿಗೆ ಹೊಸ ಐಎಸ್‌ಐಎನ್ ಬರುತ್ತದೆ. ಹಳೆಯದನ್ನು ಅಳಿಸದೆ, ಜಾರಿಯಾದ ದಿನಾಂಕದೊಂದಿಗೆ ಹೊಸದಕ್ಕೆ ಜೋಡಿಸಿ.