ಊದಿದರೆ ಆರುತ್ತದೆ, ಹೀರಿದರೆ ಆರದು

ಮೊಂಬತ್ತಿ ಹಚ್ಚಿ ಒಂದು ಗೇಣು ದೂರದಿಂದ ಊದಿ: ಥಟ್ಟನೆ ಆರುತ್ತದೆ. ಮತ್ತೆ ಹಚ್ಚಿ, ಅಷ್ಟೇ ದೂರದಿಂದ ಅಷ್ಟೇ ಬಲವಾಗಿ ಉಸಿರೆಳೆದುಕೊಳ್ಳಿ. ಕುಡಿ ಅಲುಗಿದರೆ ಹೆಚ್ಚು. ಮರಗೆಲಸದ ಕೋಣೆಗೆ ಧೂಳು ಹೀರುವ ಯಂತ್ರ ತರುವವರು ಮೊದಲು ಕೇಳುವುದು ಮೋಟಾರಿನ ಅಶ್ವಶಕ್ತಿ. ಕೇಳಬೇಕಾದದ್ದು, ಕೊಳವೆಯ ಬಾಯಿ ಗರಗಸದ ಹಲ್ಲಿಗೆ ಎಷ್ಟು ಹತ್ತಿರವಿದೆ ಎಂದು.

ಊದಿದ ಗಾಳಿ ಎಸೆದ ಕಲ್ಲಿನಂತೆ ಒಂದೇ ದಿಕ್ಕು ಹಿಡಿದು ಹೋಗುತ್ತದೆ. ಹೀರುವ ಬಾಯಿಗೆ ಗಾಳಿ ಎದುರಿನಿಂದ, ಪಕ್ಕದಿಂದ, ಹಿಂದಿನಿಂದಲೂ ನುಗ್ಗುತ್ತದೆ. ತುಂಬಿದ ತೊಟ್ಟಿಯ ತೂಬು ತೆಗೆದಾಗ ತೂಬಿನ ಅಂಚಿನ ಎಲೆ ಗಿರ್ರನೆ ಒಳಸೇರುತ್ತದೆ. ಗೇಣು ದೂರದ ಎಲೆ ಸುಮ್ಮನೆ ತೇಲುತ್ತಿರುತ್ತದೆ. ಅಥವಾ ಈರುಳ್ಳಿಯ ಪದರಗಳಂತೆ ಬಾಯಿಯ ಸುತ್ತ ಗೋಳದ ಮೇಲೆ ಗೋಳ ಕಲ್ಪಿಸಿಕೊಳ್ಳಿ. ಅದೇ ಗಾಳಿ ಪ್ರತಿ ಪದರವನ್ನೂ ದಾಟಬೇಕು. ದೂರ ಎರಡರಷ್ಟಾದರೆ ಪದರದ ಮೈ ನಾಲ್ಕರಷ್ಟು, ವೇಗ ಕಾಲುಭಾಗ. 4 ಅಂಗುಲದ ಕೊಳವೆಯಿಂದ 4 ಅಂಗುಲ ಆಚೆಗೆ ಉಳಿಯುವುದು ಸುಮಾರು ಹತ್ತನೇ ಒಂದು ಪಾಲು ವೇಗ. ಊದಿದ ಗಾಳಿ ಅಷ್ಟು ಸೊರಗಲು ಸುಮಾರು 10 ಅಡಿ ಸಾಗಬೇಕು!

ಅದೇ ಕೊಳವೆಯಲ್ಲಿ ಎರಡರಷ್ಟು ಗಾಳಿ ಎಳೆಯಲು ಹೆಚ್ಚುಕಡಿಮೆ ಎಂಟರಷ್ಟು ಶಕ್ತಿ ಬೇಕು. ಬಾಯನ್ನು ಅರ್ಧ ದೂರಕ್ಕೆ ಸರಿಸಿದರೆ ಸುಮಾರು ನಾಲ್ಕರಷ್ಟು ವೇಗ ಪುಕ್ಕಟೆಯಾಗಿ ಸಿಗುತ್ತದೆ.

ನೆಲ ಚೊಕ್ಕಟವಾಗಿದ್ದರೆ ಧೂಳಿಲ್ಲ ಎಂಬ ನಂಬಿಕೆಯಷ್ಟು ಅಪಾಯಕಾರಿಯಾದದ್ದು ಈ ಕೆಲಸದಲ್ಲಿ ಇನ್ನೊಂದಿಲ್ಲ. ನೆಲಕ್ಕೆ ಬೀಳುವುದು ಹೊಟ್ಟು. ಶ್ವಾಸಕೋಶದ ಆಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ ಕಣ. ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಗಾತ್ರದ ಕಣ ನಿಶ್ಚಲ ಗಾಳಿಯಲ್ಲಿ ಮೂಗಿನ ಎತ್ತರದಿಂದ ನೆಲ ಮುಟ್ಟಲು ಸುಮಾರು ಅರ್ಧ ದಿನ ಬೇಕು. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ ತಯಾರಿಕೆಗೆ ಹೆಸರಾದ ಊರು. ಪೀಠೋಪಕರಣ ಕಾರ್ಮಿಕರಲ್ಲಿ ಮೂಗಿನೊಳಗಿನ ಅಪರೂಪದ ಕ್ಯಾನ್ಸರ್ ಮತ್ತೆ ಮತ್ತೆ ಕಾಣುತ್ತಿದೆ ಎಂದು 1960ರ ದಶಕದಲ್ಲಿ ಅಲ್ಲಿ ಗುರುತಿಸಿದವರು ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ವೈದ್ಯೆ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂಬ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವರ್ಗೀಕರಣ ಪ್ರಕಟವಾದದ್ದು 1995ರಲ್ಲಿ.

ಆದ್ದರಿಂದ ಗರಗಸದ ಅಡಿಭಾಗವನ್ನು ಪೆಟ್ಟಿಗೆಯಂತೆ ಮುಚ್ಚಿ, ಹಲ್ಲಿನ ಮೇಲೂ ಒಂದು ಹೀರುವ ಬಾಯಿ ಇಡಿ. ಸುಕ್ಕುಸುಕ್ಕಾದ ಬಳುಕು ಕೊಳವೆ ಗಾಳಿಯ ಓಟವನ್ನು ತಡೆಯುತ್ತದೆ, ಅದು ಆದಷ್ಟು ಗಿಡ್ಡವಿರಲಿ. ಬಳಿಕ ಗರಗಸ ನಿಲ್ಲಿಸಿ, ಹೀರುವ ಯಂತ್ರವನ್ನಷ್ಟೇ ಓಡಿಸಿ, ಕಡ್ಡಿಯ ತುದಿಗೆ ಹತ್ತಿಯ ಒಂದೆಳೆ ಕಟ್ಟಿ ಕೊಳವೆಯ ಬಾಯಿಯಿಂದ ನಿಧಾನವಾಗಿ ದೂರ ಒಯ್ಯಿರಿ. ಎಳೆ ಯಾವ ಜಾಗದಲ್ಲಿ ಜೋತುಬೀಳುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗರಗಸದ ಹಲ್ಲು ಆ ಗೆರೆಯ ಒಳಗೇ ಇರಬೇಕು.