ಸೊಟ್ಟ ಬೆಳೆಯದ ಮರ

ಹಿಂಡ್ಲಿಯ ಶವಸಂಸ್ಕಾರಕ್ಕೆ ಹೊರಡುವ ಹೊತ್ತು. ತಬ್ಬಲಿಯಾದ ಅವನ ಮಗ ಹೇರ್ಟನ್‌ನನ್ನು ಹೀತ್‌ಕ್ಲಿಫ್ ಎತ್ತಿ ಮೇಜಿನ ಮೇಲೆ ಕೂರಿಸುತ್ತಾನೆ. ‘ಇನ್ನು ನೀನು ನನ್ನವನು, ಅದೇ ಗಾಳಿ ಬೀಸಿದರೆ ಈ ಮರವೂ ಸೊಟ್ಟ ಬೆಳೆಯುತ್ತದಾ ನೋಡೋಣ’ ಅನ್ನುತ್ತಾನೆ. ಪಾಪ, ಮಗುವಿಗೆ ಏನು ಗೊತ್ತು? ಅವನ ಗಡ್ಡದ ಜೊತೆ ಆಡುತ್ತಾ ಕೆನ್ನೆ ಸವರುತ್ತದೆ.

ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ (1847) ಕಾದಂಬರಿಯಲ್ಲಿ ದೆವ್ವವೂ ಇದೆ. ಆದರೆ ನನಗೆ ಈ ಮೇಜೇ ಜಾಸ್ತಿ ಭಯ ಹುಟ್ಟಿಸಿತು.

ಹೀತ್‌ಕ್ಲಿಫ್ ಲಿವರ್‌ಪೂಲ್ ಬೀದಿಯಲ್ಲಿ ಸಿಕ್ಕ ಅನಾಥ. ಸಾಕಿದ ಯಜಮಾನ ಸತ್ತಮೇಲೆ ಯಜಮಾನನ ಮಗ ಹಿಂಡ್ಲಿ ಅವನ ಓದು ಬಿಡಿಸಿ ಹೊಲದ ಆಳು ಮಾಡಿದ, ಹೊಡೆದ. ಸೇಡು ತೀರಿಸಿಕೊಳ್ಳೋದನ್ನು ಯೋಚಿಸುವಷ್ಟು ಹೊತ್ತು ನೋವೇ ಗೊತ್ತಾಗಲ್ಲ ಅಂತ ಆ ಹುಡುಗ ಮನೆಗೆಲಸದ ನೆಲ್ಲಿಗೆ ಹೇಳುತ್ತಾನೆ. ಮನೆಯಲ್ಲೇ ಹೊಡೆತ ತಿನ್ನುವ ಮಕ್ಕಳ ಮೈ ಸದಾ ಕಾವಲು ಕಾಯುತ್ತಿರುತ್ತದೆ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹದ ತಪ್ಪಬಹುದು. ಮಿದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲ ಎಂಬ ಭಾಗ ಸಿಟ್ಟಿನ ಮುಖ ಕಂಡರೆ ಸಾಕು, ಜಾಸ್ತಿಯೇ ಕೆರಳುತ್ತದೆ. ಅಂಥವನ ಕೈಗೆ ದುಡ್ಡು ಬಂದರೆ? ಹೀತ್‌ಕ್ಲಿಫ್ ಮೂರು ವರ್ಷ ಕಾಣೆಯಾಗಿ ಶ್ರೀಮಂತನಾಗಿ ಮರಳಿದ. ಹಿಂಡ್ಲಿಯ ಜೂಜಿನ ಚಟಕ್ಕೆ ಸಾಲ ಕೊಟ್ಟು ಇಡೀ ಆಸ್ತಿ ಅಡವಿಟ್ಟುಕೊಂಡ. ಆಮೇಲೆ ಹೇರ್ಟನ್‌ನ ಸರದಿ.

ಹೇರ್ಟನ್ ಅಕ್ಷರ ಬಾರದ, ಬಾಯಿ ತೆರೆದರೆ ಬೈಗುಳದ ಹುಡುಗನಾದ. ಆದರೆ ಮನಸ್ಸು ಸೊಟ್ಟಗಾಗಲಿಲ್ಲ. ಹೀತ್‌ಕ್ಲಿಫ್ ಸತ್ತಾಗ ರಾತ್ರಿಯಿಡೀ ಹೆಣದ ಪಕ್ಕ ಕೂತು ಅತ್ತವನು ಇವನೊಬ್ಬನೇ.

ಯಾಕೆ ಹೀಗಾಯಿತು? ತಾಯಿಯಿಲ್ಲದ ಹೇರ್ಟನ್‌ನನ್ನು ಹೆಚ್ಚುಕಡಿಮೆ ಐದು ವರ್ಷದವರೆಗೆ ಸಾಕಿದವಳು ನೆಲ್ಲಿ. ಅಕ್ಷರ ಕಲಿಸಲೂ ಶುರುಮಾಡಿದ್ದಳು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆ ಎಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಜಗಳಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗ ಮಕ್ಕಳು ಚೆನ್ನಾಗಿಯೇ ಬಾಳಿದರು. ಅವರಲ್ಲಿ ಮತ್ತೆ ಮತ್ತೆ ಕಂಡದ್ದು, ಎಳವೆಯಲ್ಲಿ ನೆಚ್ಚಿಕೊಳ್ಳಲು ಒಬ್ಬರಾದರೂ ಇದ್ದರು ಅನ್ನೋದು. ಅಪ್ಪ ಅಮ್ಮನೇ ಆಗಬೇಕಿಲ್ಲ, ಅಜ್ಜಿಯಾದರೂ ಸಾಕು. ಕಾದಂಬರಿ ಪುರಾವೆಯಲ್ಲ, ನಿಜ. ಆದರೂ ವರ್ನರ್‌ಗಿಂತ ನೂರು ವರ್ಷಕ್ಕೂ ಮೊದಲೇ ಬ್ರಾಂಟೆ ಈ ಐದು ವರ್ಷಗಳನ್ನು ಲೆಕ್ಕಕ್ಕೆ ಹಿಡಿದಿದ್ದಳು. ಹೀತ್‌ಕ್ಲಿಫ್‌ನ ಅದೇ ವಯಸ್ಸಿನ ಬಗ್ಗೆ ಮಾತ್ರ ಕಥೆಯಲ್ಲಿ ಒಂದು ಸಾಲೂ ಇಲ್ಲ. ಗಾಳಿ ಒಂದೇ ಇರಬಹುದು, ಬೇರು ಬೇರೆ.

ಕೊನೆಗೆ ಹೀತ್‌ಕ್ಲಿಫ್‌ಗೂ ಇದು ತಟ್ಟುತ್ತದೆ. ಹೇರ್ಟನ್ ಮತ್ತು ಅವನಿಗೆ ಓದು ಕಲಿಸುತ್ತಿರುವ ಎಳೆಯ ಕ್ಯಾಥಿ (ಹಿಂಡ್ಲಿಯ ತಂಗಿಯ ಮಗಳು) ಜೊತೆಗೆ ಕೂತು ಓದೋದನ್ನು ಕಂಡು ನೆಲ್ಲಿಗೆ ಹೇಳುತ್ತಾನೆ: ಹಿಂಡ್ಲಿಯದು, ಕ್ಯಾಥಿಯ ಅಪ್ಪನದು, ಎರಡೂ ಮನೆ ಕೆಡವುವ ಅಧಿಕಾರ ಈಗ ನನ್ನ ಕೈಲಿದೆ, ಆದರೆ ಒಂದು ಹಂಚು ಕೀಳಲೂ ಮನಸ್ಸಾಗುತ್ತಿಲ್ಲ.