ಅಷ್ಟು ಜನರ ನಡುವೆ ಟೋಕಿಯೊದಲ್ಲಿ ಇರೋಕಾಗತ್ತಾ?

ಪ್ರಶ್ನೆ: ಜಪಾನ್ ನೋಡುವ ಆಸೆ ಇದೆ. ಆದರೆ ಟೋಕಿಯೊದಲ್ಲಿ ಜನರನ್ನು ರೈಲಿನೊಳಗೆ ತುರುಕುವ ವಿಡಿಯೊ ನೋಡಿ ಗಾಬರಿಯಾಗಿದೆ. ಅಂಥ ಊರಿಗೆ ಹೋಗಬಹುದೇ? ಮಗನಿಗೆ ಅಲ್ಲೇ ಕೆಲಸ ಸಿಗುವ ಹಾಗೂ ಇದೆ. ವಾಸಕ್ಕೆ ಹೇಗೆ?

ಉತ್ತರ: ನೋಡಲು ಧಾರಾಳವಾಗಿ ಹೋಗಿ. ವಾಸದ ಮಾತು ಬೇರೆ. ಅಲ್ಲಿ ಜನಸಂದಣಿಗಿಂತ ಬಾಡಿಗೆ ಮನೆಯೇ ಹೆಚ್ಚು ಕಾಡುತ್ತದೆ.

ಆ ವಿಡಿಯೊ ಸುಳ್ಳೇನಲ್ಲ. ಸುತ್ತಲಿನ ಊರುಗಳೂ ಸೇರಿದರೆ ಟೋಕಿಯೊದಲ್ಲಿ ಸುಮಾರು 3.7 ಕೋಟಿ ಜನ. ರೈಲಿನ ಇಕ್ಕಟ್ಟನ್ನು ಅಲ್ಲಿನ ಸರ್ಕಾರ, ಅದರ ಸಾಮರ್ಥ್ಯಕ್ಕೆ ಹೋಲಿಸಿ ಶೇಕಡಾ ಲೆಕ್ಕದಲ್ಲಿ ಅಳೆದು ಪ್ರಕಟಿಸುತ್ತದೆ. ಶೇ 200 ಅಂದರೆ ಹೇಗಿರುತ್ತದೆ ಎಂಬುದಕ್ಕೆ ಅವರು ಬಹುಕಾಲ ಕೊಡುತ್ತಿದ್ದ ವಿವರಣೆ ಮಜವಾಗಿದೆ: ಮೈಗೆ ಮೈ ತಾಗಿ ಸಾಕಷ್ಟು ಒತ್ತಡವಾಗುತ್ತದೆ, ಆದರೂ ವಾರಪತ್ರಿಕೆಯಾದರೆ ಹೇಗೋ ಓದಬಹುದು! (ಪಕ್ಕದವರ ಮೊಣಕೈ ಎಲ್ಲಿರುತ್ತದೆಂದು ಹೇಳಿಲ್ಲ.) 2019ರಲ್ಲಿ ತೋಜಾಯ್ ಎಂಬ ಮೆಟ್ರೊ ಮಾರ್ಗದ ಕಿಬಾ–ಮೊನ್ಜೆನ್ ನಾಕಾಚೊ ನಿಲ್ದಾಣಗಳ ನಡುವೆ ಬೆಳಗಿನ ಹೊತ್ತು ಈ ಇಕ್ಕಟ್ಟು ಶೇ 199 ಇತ್ತು. ಕೊರೊನಾ ನಂತರ ಕಡಿಮೆಯಾಗಿದೆ.

ಈ ನೂಕುನುಗ್ಗಲಿಗೆ ಹೊತ್ತು ಗೊತ್ತಿದೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗೆ ತಿಂಡಿ ತಿನ್ನುತ್ತಾ ಕೂತರೆ ಪ್ರವಾಸಿ ಬಚಾವ್. ಆಮೇಲೆ ಊರ ನಡುಭಾಗವನ್ನು ಸುತ್ತುವ ಯಾಮಾನೋತೆ ರೈಲು ಹತ್ತಿ ನಿಪ್ಪೊರಿಯಲ್ಲಿ ಇಳಿಯಿರಿ. ಪಶ್ಚಿಮದ ಬಾಗಿಲಿಂದ ಕೆಲವೇ ನಿಮಿಷ ನಡೆದರೆ ಯಾನಾಕಾ. 1923ರ ಭೂಕಂಪದಲ್ಲೂ ಎರಡನೇ ಮಹಾಯುದ್ಧದ ಬಾಂಬಿನಲ್ಲೂ ಬಹುಪಾಲು ಉಳಿದುಕೊಂಡ ಪೇಟೆ ಇದು. ಮರದ ಹಳೇ ಮನೆಗಳು, ಹೊಸಿಲ ಪಕ್ಕ ಸಾಲು ಹೂಕುಂಡ, ಗೋಡೆಗೆ ಒರಗಿಸಿದ ಸೈಕಲ್ಲು, ಗಲ್ಲಿ ತಿರುಗಿದಲ್ಲೆಲ್ಲ ಒಂದು ಬೌದ್ಧ ಗುಡಿ. ಮನೆಯವರು ಪಾತ್ರೆ ತೊಳೆಯುವ ಸದ್ದೂ ಕೇಳುವಷ್ಟು ನಿಶ್ಶಬ್ದ.

ಇಂಥ ನಿಶ್ಶಬ್ದ ತಾನಾಗಿ ಬಂದದ್ದಲ್ಲ. ಟೋಕಿಯೊದಲ್ಲಿ ಕಾರು ಕೊಳ್ಳುವವರು, ಅದನ್ನು ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದೋ ಜಾಗ ಇದೆ ಎಂದು ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ತರಬೇಕು. ರಾತ್ರಿಯಿಡೀ ಬೀದಿಬದಿ ಬಿಡುವಂತಿಲ್ಲ. ಬೆಂಗಳೂರಿನ ಅಡ್ಡರಸ್ತೆಗಳಲ್ಲಿ ನಡೆದವರು ಹೊಟ್ಟೆಕಿಚ್ಚು ಪಡಲು ಈ ಒಂದು ನಿಯಮ ಸಾಕು.

ಸಸ್ಯಾಹಾರಿಗಳಿಗೆ ಒಂದು ಮಾತು: ತರಕಾರಿ ಸೂಪು, ನೂಡಲ್ಸಿನ ಸಾರು ಎಲ್ಲಕ್ಕೂ ಮೀನಿನ ದಾಶಿ (ಕುದಿಸಿ ತೆಗೆದ ತಿಳಿಸಾರು) ಬಿದ್ದಿರಬಹುದು. ಕೇಳಿಯೇ ತಿನ್ನಿ.

ಇನ್ನು ನಿಮ್ಮ ಮಗನ ವಿಚಾರ. ಬೆಂಗಳೂರಿನಲ್ಲಿ ಅಡ್ವಾನ್ಸ್ ಎಷ್ಟೇ ದೊಡ್ಡದಿರಲಿ, ಬಿಡುವಾಗ ಪೇಂಟಿಂಗ್ ಕಳೆದು ವಾಪಸ್ ಬರುತ್ತದೆ. ಟೋಕಿಯೊದ ಎಷ್ಟೋ ಮನೆಗಳಿಗೆ ಠೇವಣಿಯ ಜೊತೆ 'ರೇಕಿನ್' ಅಂತ ಒಂದೆರಡು ತಿಂಗಳ ಬಾಡಿಗೆ ಕೊಡಬೇಕು. ಮಾಲೀಕರಿಗೆ ಕೊಡುವ ಕಾಣಿಕೆ ಅದು, ಕೊಟ್ಟರೆ ಹೋಯಿತು. ಅದರ ಮೇಲೆ ಬ್ರೋಕರ್ ಕಮಿಷನ್, ಬಾಡಿಗೆದಾರರ ಪರ ಜಾಮೀನು ನಿಲ್ಲುವ ಕಂಪನಿಯ ಶುಲ್ಕ. ಇಷ್ಟಾಗಿಯೂ ವಿದೇಶಿಯರಿಗೆ ಮನೆ ಕೊಡೆವು ಎನ್ನುವ ಮಾಲೀಕರಿದ್ದಾರೆ. ಸರ್ಕಾರಿ ಹಿನ್ನೆಲೆಯ ಯುಆರ್ ಸಂಸ್ಥೆಯ ಮನೆಗಳಿಗೆ ರೇಕಿನ್ ಇಲ್ಲ, ಕಮಿಷನ್ ಇಲ್ಲ, ಜಾಮೀನುದಾರರೂ ಬೇಡ. ಸಾಕಷ್ಟು ಆದಾಯ ತೋರಿಸಿದರಾಯಿತು. ನಾನಾದರೆ ಮೊದಲು ಅಲ್ಲೇ ವಿಚಾರಿಸುತ್ತೇನೆ.

2000ದ ಆಸುಪಾಸಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಭಾರತೀಯರು ಟೋಕಿಯೊದ ಎಡೊಗಾವಾ ವಾರ್ಡಿನ ನಿಶಿ ಕಸಾಯಿಯಲ್ಲಿ ನೆಲೆಸಲು ಇಂಥ ಮನೆಗಳೂ ಒಂದು ಕಾರಣ. ಬೇಳೆ, ಮಸಾಲೆ ಸಿಗುವ ಅಂಗಡಿಗಳಿವೆ, ಆಫೀಸುಗಳಿರುವ ಓತೆಮಾಚಿಗೆ ನೇರ ರೈಲಿದೆ. ಆದರೆ ಆ ರೈಲು ಯಾವುದು ಅಂತೀರಿ? ಅದೇ ತೋಜಾಯ್ ಮಾರ್ಗ! ಆದ್ದರಿಂದ ಮನೆ ಹಿಡಿಯುವ ಮುನ್ನ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಅದರಲ್ಲಿ ಆಫೀಸಿನವರೆಗೆ ಹೋಗಿ ನೋಡಲಿ.

ಅದೇಕೋ ಆಗದು ಅನ್ನಿಸಿದರೆ, ಮತ್ತು ಕಂಪನಿ ಆಯ್ಕೆ ಕೊಟ್ಟರೆ, ಫುಕುವೊಕಾ ಕೇಳಲಿ. ಸುಮಾರು 16 ಲಕ್ಷ ಜನರ ಊರು, ಬಾಡಿಗೆ ಟೋಕಿಯೊಗಿಂತ ಕಡಿಮೆ, ವಿಮಾನ ನಿಲ್ದಾಣದಿಂದ ಊರಿನ ಮುಖ್ಯ ರೈಲು ನಿಲ್ದಾಣವಾದ ಹಕಾತಾ ಸ್ಟೇಷನ್ನಿಗೆ ಮೆಟ್ರೊದಲ್ಲಿ ಐದಾರು ನಿಮಿಷ.